ಒಣಗದ ಕಣ್ಣೀರಿನ ಲೆಕ್ಕ

ಗಣಿತದ ಮೇಷ್ಟ್ರಿಗೆ ಉದ್ದದ ಸಮೀಕರಣ ಕಂಡರೆ ಆಗುತ್ತಿರಲಿಲ್ಲ. ಕಣ್ಣಿನ ಮೇಲಿನ ಕಣ್ಣೀರಿನ ತೆಳು ಪದರ ಎಷ್ಟು ಹೊತ್ತು ಒಡೆಯದೆ ನಿಲ್ಲುತ್ತದೆ ಎಂಬ ಲೆಕ್ಕವೇ ಅವರ ಶಿಷ್ಯೆಯ ಪಿಎಚ್‌ಡಿ. ಉದ್ದವಾಯಿತೆಂದು, ಆ ಪದರದ ನೀರು ಆವಿಯಾಗುವ ಭಾಗವನ್ನೇ ಮೇಷ್ಟ್ರು ಅವಳ ಸಮೀಕರಣದಿಂದ ಕಿತ್ತು ಹಾಕಿಸಿದ್ದರು.

"ನೋಡು, ಈಗ ಎಷ್ಟು ಲಕ್ಷಣವಾಗಿದೆ!"

ಲಕ್ಷಣವೇ ಸರಿ, ಮೂಗು ಕೊಯ್ದು ಮೂಗುತಿ ಇಟ್ಟ ಹಾಗೆ.

ಇವತ್ತು ಅವಳ ಪ್ರಬಂಧದ ಪರೀಕ್ಷೆ ಮಾಡಲು ಕಣ್ಣಿನ ಡಾಕ್ಟರಮ್ಮ ಬಂದಿದ್ದರು. ಅವರು ಒಪ್ಪದಿದ್ದರೆ ಅವಳು ಇಷ್ಟು ವರ್ಷ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

"ಈ ಲೆಕ್ಕದ ಪ್ರಕಾರ ರೆಪ್ಪೆ ಬಡೀದೆ ಎಷ್ಟೊತ್ತು ಇರಬಹುದು?" ಡಾಕ್ಟರಮ್ಮ ಕೇಳಿದರು.

"ಅರ್ಧ ಗಂಟೆ, ಆರಾಮಾಗಿ," ಎಂದು ಮೇಷ್ಟ್ರು ಎದೆಯುಬ್ಬಿಸಿದರು.

"ಹಾಗಾದ್ರೆ ನೀವೇ ಕೂತ್ಕೊಳ್ಳಿ ಸರ್, ನೋಡೇಬಿಡೋಣ."

ಮಾತು ಆಡಿಯಾಗಿತ್ತು, ಮೇಷ್ಟ್ರು ಕೂತರು. ಗೂಬೆಯೂ ನಾಚುವ ಹಾಗೆ ಕಣ್ಣು ಅಗಲಿಸಿದರು. ಒಂದು ನಿಮಿಷ ಕಳೆಯುವುದರೊಳಗೆ ಕಣ್ಣು ಕೆಂಡವಾಯಿತು, ರೆಪ್ಪೆ ಪಟಪಟ ಬಡಿಯಿತು, ಕೆನ್ನೆ ಮೇಲೆ ನೀರು ಧಾರಾಕಾರವಾಗಿ ಇಳಿಯಿತು.

"ಧೂಳು ಕಣ್ರೀ, ಧೂಳು!"

"ಧೂಳಲ್ಲ ಸರ್, ನೀವು ಕಿತ್ತು ಹಾಕಿದ ಆವಿ," ಎಂದಳು ಅವಳು.

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಆ ಭಾಗ ಇನ್ನೂ ಇದೆಯೇನಮ್ಮಾ?"

"ಇದೆ ಮೇಡಂ. ಆದರೆ ಸ್ವಲ್ಪ ಉದ್ದ."

"ಉದ್ದ ಇರಲಿ ಬಿಡು. ಸೇರಿಸ್ಕೊಂಡು ಬಾ, ಒಪ್ಪಿಗೆ ಕೊಡ್ತೀನಿ."

ಮೇಷ್ಟ್ರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡರು. "ನಾನು ಮೊದಲಿಂದಲೂ ಇವಳಿಗೆ ಅದನ್ನೇ ಹೇಳ್ತಾ ಇದ್ದೆ!"

ಇಷ್ಟು ನೀರು ಸುರಿದರೂ ಆ ಮುಖದಲ್ಲಿ ನಾಚಿಕೆಯ ಪಸೆ ಇರಲಿಲ್ಲ. "ಹೌದು ಸರ್, ದಿನಾ ಹೇಳ್ತಿದ್ರಿ," ಎಂದು ಅವಳು ನಗು ತಡೆದುಕೊಂಡು ಲ್ಯಾಪ್‌ಟಾಪ್ ತೆರೆದಳು.