ಕದ್ದು ಹೇಳಿಕೊಟ್ಟ ಪಾಠ

ಆಕೆಗೆ ಪಿಸುಮಾತು ಎಂದು ಹೆಸರಿಟ್ಟದ್ದು ಟೀಚರ್‌ಗಳ ಕೋಣೆಯಲ್ಲಿ. ಪಾಠ ಮಾಡುವಾಗ ಆಕೆಯ ದನಿ ಅಷ್ಟು ಮೆಲ್ಲಗೆ. ಮುಂದಿನ ಬೆಂಚಿನವರು ಕೇಳಿಸಿಕೊಂಡು ಹಿಂದಿನ ಬೆಂಚಿಗೆ ದಾಟಿಸಬೇಕು. ಸೋಮವಾರ ಶುರುವಾದ ಪಾಠ ಹಿಂದಿನ ಬೆಂಚು ಮುಟ್ಟುವಾಗ ಬುಧವಾರ ಆಗಿರುತ್ತಿತ್ತು ಎಂದು ಆಣೆ ಮಾಡಿ ಹೇಳುವವರಿದ್ದಾರೆ. ಮನೆಯಲ್ಲಿ ಮಾತ್ರ ದನಿಯೇ ಬೇರೆ. ಅಡುಗೆಮನೆಯಿಂದ ಗಂಡನನ್ನು ಒಂದು ಸಲ ಕೂಗಿದರೆ ಕೆಳಗಿನ ಮಹಡಿಯ ಗಂಡಸರೂ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು.

ಸಮುದ್ರ ದಾಟಿ ಹೋದ ದೇಶ ಅದು. ಅಲ್ಲಿನ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಸಂಜೆ ಶಾಲೆಯಲ್ಲಿ ಆಕೆಗೆ ಕೆಲಸ. ಹಗಲೆಲ್ಲ ದುಡಿದು, ಮುಖ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುವ ಜನರೇ ವಿದ್ಯಾರ್ಥಿಗಳು. ಕಲಿಸುವವರಲ್ಲಿ ಆಕೆಯೂ ಸೇರಿ ನಮ್ಮ ಕಡೆಯವರು ನಾಲ್ವರು ಇದ್ದರು. ಎಲ್ಲರಿಗಿಂತ ಹಿರಿಯರು ದೊಡ್ಡಮೇಷ್ಟ್ರು. ಅವರು ಒಂದೇ ಮನೆಯ ತಾತನಿಗೂ ಮೊಮ್ಮಗನಿಗೂ ಇಂಗ್ಲಿಷ್ ಕಲಿಸಿದವರು, ಇಬ್ಬರ ತಪ್ಪೂ ಒಂದೇ ಎಂದು ನಗುತ್ತಿದ್ದರು. ಆಮೇಲೆ ಗಡಿಯಾರದಕ್ಕ. ಆಕೆ ಗೇಟಿನೊಳಗೆ ಕಾಲಿಟ್ಟದ್ದನ್ನು ನೋಡಿ ಶಾಲೆಯ ಗಡಿಯಾರವೇ ತನ್ನ ಮುಳ್ಳು ಸರಿಮಾಡಿಕೊಳ್ಳುತ್ತಿತ್ತಂತೆ. ಇನ್ನೊಬ್ಬ ಮೈಕಣ್ಣ. ಅವನು ಮೂರನೇ ಮಹಡಿಯಲ್ಲಿ ಪಾಠ ಮಾಡಿದರೆ ಬಸ್‌ಸ್ಟಾಪಿನಲ್ಲಿ ನಿಂತವರೂ ಪಾಸಾಗುತ್ತಿದ್ದರು.

ಈ ನಾಲ್ವರು ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಶನಿವಾರ ಶಾಲೆಗೆ ರಜೆ. ಆಗ ಒಬ್ಬರು ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕು, ಮಿಕ್ಕವರು ಬೆಂಚಿನಲ್ಲಿ ವಿದ್ಯಾರ್ಥಿಗಳಾಗಿ ಕೂರಬೇಕು. ಅದೂ ಎಂಥ ವಿದ್ಯಾರ್ಥಿ? ತಮ್ಮ ತರಗತಿಯಲ್ಲಿ ತಲೆ ತಿನ್ನುವವರು ಯಾರಿದ್ದಾರೋ, ಅವರ ಹಾಗೆಯೇ ಆಡಬೇಕು. ದೊಡ್ಡಮೇಷ್ಟ್ರು ಪ್ರತಿಯೊಂದಕ್ಕೂ ‘ಯಾಕೆ’ ಎನ್ನುವವರಾಗುತ್ತಿದ್ದರು. ಗಡಿಯಾರದಕ್ಕ ತಡವಾಗಿ ಬರುವವಳಾಗಬೇಕು; ಪಾಪ, ಅದು ಆಕೆಯ ಕೈಲಿ ಆಗುತ್ತಲೇ ಇರಲಿಲ್ಲ, ಬಾಗಿಲ ಹೊರಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿ ಒಳಗೆ ಬಂದುಬಿಡುತ್ತಿದ್ದಳು. ಮೈಕಣ್ಣ ನಿದ್ದೆ ಹೋಗುವವನು. ಅವನ ಗೊರಕೆಗೆ ಬಂದರಿನ ಹಡಗೊಂದು ತನ್ನನ್ನೇ ಕರೆದರೆಂದು ತಿಳಿದು ಭೋಂಕರಿಸಿ ಉತ್ತರ ಕೊಟ್ಟದ್ದುಂಟು. ಪಾಠ ಮುಗಿದ ಮೇಲೆ ಎಲ್ಲರೂ ಚಹಾ ಹಿಡಿದು ಕೂತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಎಡವಿದೆ ಎಂದು ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿಬಿಡುತ್ತಿದ್ದರು. ಟ್ರೈನಿಂಗ್ ಕಾಲೇಜಿನಲ್ಲಿ ಕಲಿಯದ್ದನ್ನು ಪಿಸುಮಾತು ಈ ಬೆಂಚುಗಳ ಮುಂದೆ ಕಲಿತಳು.

ಆದರೆ ಆಕೆಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಮೇಲಿನ ಆಫೀಸಿನಿಂದ ಇನ್‌ಸ್ಪೆಕ್ಷನ್ ಮೇಡಂ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಒಂದು ಪಾಠ ನೋಡಿ ಹೂಂ ಅನ್ನಬೇಕು. ಹೂಂ ಅಂದರೆ ಉಳಿಯಬಹುದು. ಉಹೂಂ ಅಂದರೆ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಕಟ್ಟಬೇಕು. ಆ ದೇಶದಲ್ಲಿರಲು ಗಂಡನಿಗಿದ್ದ ಪರವಾನಗಿಯೂ ಆಕೆಯ ಕೆಲಸಕ್ಕೇ ಗಂಟು ಬಿದ್ದಿತ್ತು. ಗಂಡ ಅಲ್ಲಿ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ವ್ಯಾನಾದರೆ ಬೇರೆ ಊರಲ್ಲೂ ಸಿಕ್ಕೀತು, ಆದರೆ ಇಂಥ ಶನಿವಾರ ಇನ್ನೆಲ್ಲಿ ಸಿಗಬೇಕು ಎಂಬುದೇ ಆಕೆಯ ಸಂಕಟ.

ಇನ್‌ಸ್ಪೆಕ್ಷನ್ನಿಗೆ ಆಕೆ ಆರಿಸಿಕೊಂಡದ್ದು ದಾರಿ ಕೇಳುವ, ದಾರಿ ಹೇಳುವ ಪಾಠ. ಬೋರ್ಡಿನ ಮೇಲೆ ಒಂದು ಊರಿನ ನಕ್ಷೆ. ಅದರಲ್ಲಿ ಬ್ಯಾಂಕು, ಆಸ್ಪತ್ರೆ, ಪೋಸ್ಟಾಫೀಸು. ಶನಿವಾರಗಳೆಲ್ಲ ಅದಕ್ಕೇ ಮೀಸಲಾದವು. ದೊಡ್ಡಮೇಷ್ಟ್ರು ಆ ಬೋರ್ಡಿನ ಊರಿನಲ್ಲಿ ಎಷ್ಟು ಸಲ ದಾರಿ ತಪ್ಪಿದರೆಂದರೆ, ಕೊನೆಕೊನೆಗೆ ಅಲ್ಲೇ ಒಂದು ಮನೆ ಬಾಡಿಗೆಗೆ ಹಿಡಿಯುವ ಮಾತಾಡಿದರು. ಮೈಕಣ್ಣನದು ಒಂದೇ ತಕರಾರು: ಹಿಂದಿನ ಬೆಂಚಿಗೆ ಕೇಳಿಸುತ್ತಿಲ್ಲ.

“ಆ ಮೇಡಂ ಕೂರೋದೇ ಅಲ್ಲಿ ಕಣಮ್ಮ. ನೀನು ತುಟಿ ಅಲ್ಲಾಡಿಸ್ತಿದೀಯ ಅಂತ ಮಾತ್ರ ಬರ್ಕೋತಾರೆ,” ಎಂದ.

ಆ ಮಾತು ನಾಟಿತು. ಆಕೆ ಮನೆಯಲ್ಲಿ, ಮೆಟ್ಟಿಲ ಮೇಲೆ, ಬಟ್ಟೆ ಒಣಗಿಸುವ ತಾರಸಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಕೂಗಿ ಅಭ್ಯಾಸ ಮಾಡಿದಳು. ಪೋಸ್ಟಾಫೀಸಿಗೆ ಎಡಕ್ಕೆ ತಿರುಗಿ ಎಂದು ಆಕೆ ತಾರಸಿಯಿಂದ ಕೂಗಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಎಡಕ್ಕೆ ತಿರುಗಿ, ಒಂದು ಗಳಿಗೆ ಪೋಸ್ಟಾಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಫಲ ಏನಾಯಿತು? ಇನ್‌ಸ್ಪೆಕ್ಷನ್ನಿನ ಹಿಂದಿನ ವಾರ ಗಂಟಲು ಪೂರ್ತಿ ಕಟ್ಟಿಹೋಯಿತು. ವಾರವಿಡೀ ತುಟಿ ಪಿಟಿಕ್ಕೆನ್ನಬಾರದು, ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿದರು.

ಗಂಡ ಆಕೆಗೆ ಬಿಸಿನೀರು ಕಾಯಿಸಿ ಕೊಟ್ಟು, ಪಕ್ಕದಲ್ಲಿ ಕೂತ. “ಮದುವೆ ಆದ್ಮೇಲೆ ಮೊದಲನೇ ಸಲ ಕ್ರಿಕೆಟ್ ಕಾಮೆಂಟರಿ ಪೂರ್ತಿ ಕೇಳ್ದೆ ನೋಡು,” ಎಂದ. ಆಕೆ ದಿಂಬು ಎಸೆದಳು. ಅದಕ್ಕೆ ದನಿ ಬೇಕಿರಲಿಲ್ಲ.

ಆ ವಾರ ಆಕೆಯ ತರಗತಿಯನ್ನು ಮೂವರು ಗೆಳೆಯರು ಸರದಿಯ ಮೇಲೆ ನೋಡಿಕೊಂಡರು. ದಾರಿಯ ಪಾಠ ಒಂದನ್ನು ಬಿಟ್ಟು ಬೇರೇನು ಬೇಕಾದರೂ ಮಾಡಿ ಎಂದು ಆಕೆ ಚೀಟಿ ಬರೆದು ಕಳಿಸಿದ್ದಳು. ಮೂವರೂ ಆಗಲಿ ಎಂದು ತಲೆಯಾಡಿಸಿದ್ದರು.

ಇನ್‌ಸ್ಪೆಕ್ಷನ್ನಿನ ಸಂಜೆ ಬಂತು. ಗಂಟಲು ಅಷ್ಟಿಷ್ಟು ತೆರೆದಿತ್ತು. ಮೇಡಂ ಬೂದು ಬಣ್ಣದ ಕೋಟು ಹಾಕಿಕೊಂಡು, ಕುಂಟುತ್ತಾ ಬಂದು, ಹಿಂದಿನ ಬೆಂಚಿನಲ್ಲಿ ಕೂತರು. ತರಗತಿಯ ಎಲ್ಲರೂ ಬಂದಿದ್ದರು: ಬಸ್ ಡ್ರೈವರ್, ಕ್ಷೌರದಂಗಡಿಯವನು, ಇಬ್ಬರು ನರ್ಸುಗಳು, ಪರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳ ಹತ್ತಿರ ಮಾತಾಡಲೆಂದೇ ಇಂಗ್ಲಿಷ್ ಕಲಿಯುವ ಅಜ್ಜಿ, ಇನ್ನೂ ಕೆಲವರು. ಎಲ್ಲರ ಮುಖದಲ್ಲೂ ಮದುವೆಮನೆಗೆ ಬಂದವರ ಕಳೆ.

ಪಿಸುಮಾತು ನಕ್ಷೆ ಬರೆದಳು. ಆಸ್ಪತ್ರೆಯ ಚೌಕ ಬರೆದು ಸೀಮೆಸುಣ್ಣ ಇನ್ನೂ ಎತ್ತಿಲ್ಲ, ಡ್ರೈವರ್ ಎದ್ದು ನಿಂತು, ಎಡಕ್ಕೆ ತಿರುಗಿ, ನೇರ ಹೋಗಿ, ಬಲಗಡೆಗೆ ಆಸ್ಪತ್ರೆ ಎಂದು ಗಿಣಿಯ ಹಾಗೆ ಒಪ್ಪಿಸಿದ. ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ನರ್ಸುಗಳಿಬ್ಬರು ಹಣೆ ಹಿಡಿದುಕೊಂಡು, ಅಯ್ಯೋ ಎಷ್ಟು ಕಷ್ಟದ ಪಾಠ, ನಮಗೇನೂ ಗೊತ್ತಿಲ್ಲ ಎಂದು ರಾಗ ಎಳೆದರು. ಎಳೆದು ಮುಗಿಸಿದವರೇ, ಈಗ ಅರ್ಥವಾಯಿತು ಟೀಚರ್, ನೀವು ಚೆನ್ನಾಗಿ ಹೇಳಿಕೊಟ್ಟಿರಿ ಎಂದರು. ಆಕೆ ಇನ್ನೂ ಬಾಯಿಯೇ ತೆರೆದಿರಲಿಲ್ಲ. ಕ್ಷೌರದವನು ಬೇಕೆಂದೇ ಬ್ಯಾಂಕನ್ನು ಆಸ್ಪತ್ರೆ ಎಂದು ಕರೆದು, ತಿದ್ದಿ ಎಂಬಂತೆ ಆಕೆಯ ಮುಖ ನೋಡಿ ಕಣ್ಣು ಹೊಡೆದ. ಅಜ್ಜಿ ಮಾತ್ರ ಯಾವಾಗ ಏನು ಮಾಡಬೇಕೆಂದು ತಿಳಿಯದೆ, ಮೂರನ್ನೂ ಒಟ್ಟಿಗೆ ಮಾಡಿ ಮುಗಿಸಿ ಸುಮ್ಮನೆ ಕೂತಳು.

ತಿಂಗಳುಗಟ್ಟಲೆ ತಯಾರು ಮಾಡಿದ ಪಾಠ ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು. ಪಿಸುಮಾತಿಗೆ ಎಲ್ಲ ಹೊಳೆಯಿತು. ಪಟಪಟ ಉತ್ತರ ಹೇಳಿ ಎಂದವನು ಮೈಕಣ್ಣ. ಮೊದಲು ಗೊತ್ತಿಲ್ಲ ಎನ್ನಿ, ಹೊತ್ತಿಗೆ ಸರಿಯಾಗಿ ಅರ್ಥಮಾಡಿಕೊಳ್ಳಿ ಎಂದವಳು ಗಡಿಯಾರದಕ್ಕ. ತಿದ್ದಲು ಒಂದು ತಪ್ಪು ಇಡಿ ಎಂದವರು ದೊಡ್ಡಮೇಷ್ಟ್ರು. ಒಬ್ಬೊಬ್ಬರೂ ಇನ್ನೊಬ್ಬರಿಗೆ ತಿಳಿಯದ ಹಾಗೆ ಇದೇ ಪಾಠವನ್ನು ಕದ್ದು ಹೇಳಿಕೊಟ್ಟಿದ್ದಾರೆ. ಹಿಂದಿನ ಬೆಂಚಿನಲ್ಲಿ ಮೇಡಂ ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. ಪಿಸುಮಾತಿನ ಕಣ್ಣ ಮುಂದೆ ಪೆಟ್ಟಿಗೆಗಳು ತಾವೇ ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದು ಹೋಗುವುದು ಕಂಡಿತು.

ಅಳುವುದಕ್ಕೂ ಹೊತ್ತಿರಲಿಲ್ಲ. ಆಕೆ ನಕ್ಷೆಯನ್ನು ಒರೆಸಿಹಾಕಿದಳು. ಹಿಂದಿನ ಬೆಂಚಿನ ತನಕ ನಡೆದು ಹೋಗಿ, ಮೇಡಂ ಪಕ್ಕದಲ್ಲಿ ನಿಂತು, ಇವರು ಇವತ್ತು ಬೆಳಿಗ್ಗೆಯಷ್ಟೇ ನಿಮ್ಮ ಊರಿಗೆ ಬಂದಿದ್ದಾರೆ, ಇವರಿಗೆ ಏನು ಬೇಕೆಂದು ಕೇಳಿ, ದಾರಿ ಹೇಳಿ ಕಳಿಸಿ ಎಂದಳು.

ತರಗತಿ ಬೆಚ್ಚಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಅಜ್ಜಿಯೇ ಬಾಯಿ ತೆರೆದು, ತುಂಡು ತುಂಡು ಇಂಗ್ಲಿಷಿನಲ್ಲಿ, ನಿನಗೆ ಏನು ಬೇಕಮ್ಮಾ ಎಂದು ಕೇಳಿದಳು. ಮೇಡಂ ಕೈಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ತಮ್ಮ ಹೊಸ ಷೂ ಬೆಳಿಗ್ಗೆಯಿಂದ ಹಿಮ್ಮಡಿ ಕಚ್ಚುತ್ತಿದೆ, ಒಂದು ಮೆತ್ತನೆಯ ಚಪ್ಪಲಿ ಬೇಕು ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಡ್ರೈವರ್ ಒಂದು ಚಪ್ಪಲಿ ಅಂಗಡಿಗೆ ತನ್ನ ಬಸ್ಸಿನ ದಾರಿ ಹೇಳಿದ. ಅದು ಊರನ್ನೆಲ್ಲ ಪ್ರದಕ್ಷಿಣೆ ಹಾಕುವ ದಾರಿ ಎಂದು ಕ್ಷೌರದವನು ನಕ್ಕು, ತನ್ನ ಅಂಗಡಿಯ ಹಿಂದಿನ ಓಣಿ ಹೇಳಿದ. ಆ ಓಣಿಯಲ್ಲಿ ಚರಂಡಿ ಅಗೆದಿದ್ದಾರೆ, ಕಾಲು ನೋಯುವವರನ್ನು ಅಲ್ಲಿ ನಡೆಸುತ್ತೀಯಾ ಎಂದು ನರ್ಸು ಅವನ ಮೇಲೆ ಹರಿಹಾಯ್ದಳು. ಆ ಚಪ್ಪಲಿ ಅಂಗಡಿಯವನದು ಎರಡು ಮಳೆಗೆ ಬಾಯಿಬಿಡುವ ಮಾಲು ಎಂದು ಅಜ್ಜಿ ಬೇರೆ ಅಂಗಡಿಯನ್ನೇ ಹಿಡಿದಳು. ಎಲ್ಲ ಇಂಗ್ಲಿಷಿನಲ್ಲೇ. ಸಿಟ್ಟು ಬಂದಾಗ ಮಾತು ಸಿಗದೆ ತಡವರಿಸಿದರು, ಆಗ ಪಿಸುಮಾತು ಬೆಂಚಿನಿಂದ ಬೆಂಚಿಗೆ ಓಡಿ, ಬೇಕಾದ ಮಾತನ್ನು ಕಿವಿಯ ಹತ್ತಿರ ಕೊಟ್ಟಳು. ಸಿಕ್ಕಿದ್ದೇ ತಡ, ಅವರು ಮತ್ತೆ ಜಗಳಕ್ಕೆ ಬಿದ್ದರು. ಡ್ರೈವರ್ ಬರೆದ ರಸ್ತೆ ಬೋರ್ಡು ಸಾಲದೆ ಗೋಡೆಗೆ ಹತ್ತಿತು. ಗೋಡೆಯೂ ಸಾಲದೆ ಕಿಟಕಿ ದಾಟಿ ಆಚೆ ಹೋಗುವುದರಲ್ಲಿತ್ತು, ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ವಿದ್ಯಾರ್ಥಿಗಳು ವಾದ ಮಾಡುತ್ತಲೇ ಹೊರಗೆ ಹೋದರು. ಮೇಡಂ ಉಳಿದರು. ಆ ಮೊದಲಿನ ಪಾಠವನ್ನು ಇವರಿಗೆ ಮುಂಚೆಯೇ ಯಾರೋ ಕಲಿಸಿದ್ದಾರೆ, ಯಾರು ಎಂದು ನೇರವಾಗಿ ಕೇಳಿದರು. ಪಿಸುಮಾತು ತಲೆ ತಗ್ಗಿಸಿದಳು. ಗೆಳೆಯರ ಹೆಸರು ಹೇಳಿದರೆ ಅವರ ಕೆಲಸಕ್ಕೆ ಕುತ್ತು. ನಾನೇ ಕಲಿಸಿದೆ ಎಂದಳು.

ಬಾಗಿಲು ತೆರೆದುಕೊಂಡಿತು. ಕಿವಿಗೊಟ್ಟು ನಿಂತಿದ್ದ ಮೂವರೂ ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಒಳಗೆ ಬಂದರು. ತಪ್ಪು ನನ್ನದು ಎಂದ ಮೈಕಣ್ಣ. ಅವನಿಗೇನೂ ಗೊತ್ತಿಲ್ಲ, ತಪ್ಪು ನನ್ನದು ಎಂದಳು ಗಡಿಯಾರದಕ್ಕ. ದೊಡ್ಡಮೇಷ್ಟ್ರು ಕೆಮ್ಮಿ, ಇವರಿಬ್ಬರೂ ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದರು. ಆಮೇಲೆ ಮೂವರೂ ಮುಖ ಮುಖ ನೋಡಿಕೊಂಡರು.

“ನೀನೂನಾ?” ಎಂದಳು ಅಕ್ಕ.

“ನೀವೂನಾ ಅಕ್ಕ? ಅಲ್ಲ, ಮೇಷ್ಟ್ರೇ, ನೀವು ಕೂಡ?” ಎಂದ ಮೈಕಣ್ಣ. ಅವನ ದನಿ ಮೊದಲ ಸಲ ಬಸ್‌ಸ್ಟಾಪಿಗೆ ಕೇಳಿಸಲಿಲ್ಲ.

ಮೇಡಂಗೆ ಅವರ ಕನ್ನಡ ತಿಳಿಯದಿದ್ದರೂ ಮುಖಗಳು ತಿಳಿದವು. ನಗು ತಡೆಯಲು ಕೆಮ್ಮಿದರು, ಕೆಮ್ಮು ಸಾಲಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ತಮ್ಮ ಆಫೀಸಿನಲ್ಲಿ ಒಬ್ಬರ ಪೆನ್ನನ್ನು ಇನ್ನೊಬ್ಬರು ಮುಟ್ಟಿದರೂ ಮೇಲಿನವರಿಗೆ ದೂರು ಹೋಗುತ್ತದೆ, ಒಬ್ಬರಿಗಾಗಿ ಮೂವರು ಹೀಗೆ ಕದ್ದು ದುಡಿಯುವುದನ್ನು ತಾವು ಕಂಡಿಲ್ಲ. ಹಾಗೆಂದು ಇದು ಸರಿಯಲ್ಲ, ಮೂವರಿಗೂ ಬರವಣಿಗೆಯಲ್ಲಿ ಎಚ್ಚರಿಕೆ ಬರುತ್ತದೆ. ಪಿಸುಮಾತಿನ ಕಡೆ ತಿರುಗಿ, “ನಿಮ್ಮ ಮೊದಲನೇ ಪಾಠಕ್ಕೆ ಸೊನ್ನೆ. ಎರಡನೇದು ನಿಮ್ಮದೇ. ಅದಕ್ಕೆ ನೀವು ಉಳೀತೀರಿ,” ಎಂದರು.

ಅವರು ಹೋದ ಮೇಲೆ ಪಿಸುಮಾತು ಗೆಳೆಯರಿಗೆ ಸರಿಯಾಗಿ ಬಿಸಿ ಮುಟ್ಟಿಸಿದಳು. ಮೂವರೂ ಬೆಂಚಿನಲ್ಲಿ ಕೈಕಟ್ಟಿ ಕೂತು ಬೈಸಿಕೊಂಡರು.

“ನಾನೇನು ಎಳೇ ಮಗುವಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?”

ದೊಡ್ಡಮೇಷ್ಟ್ರು ಕೋಟಿನ ಗುಂಡಿ ತಿರುವುತ್ತಾ ಕೂತಿದ್ದರು. “ನಂಬಿಕೆ ಇತ್ತಮ್ಮ. ಧೈರ್ಯ ಇರ್ಲಿಲ್ಲ. ನೀನು ಹೋಗ್ಬಿಟ್ರೆ ಅನ್ನೋ ಭಯ,” ಎಂದರು.

ಗಡಿಯಾರದಕ್ಕ ಸೆರಗಿನಿಂದ ಪಿಸುಮಾತಿನ ಕೆನ್ನೆಗೆ ಅಂಟಿದ್ದ ಸೀಮೆಸುಣ್ಣದ ಪುಡಿ ಒರೆಸಿದಳು.

ಪಿಸುಮಾತು ವರಾಂಡಕ್ಕೆ ಬಂದು ಗಂಡನಿಗೆ ಫೋನು ಹಚ್ಚಿದಳು. ಅವನು ವ್ಯಾನನ್ನು ಯಾವುದೋ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಕಾಯುತ್ತಿದ್ದನೆಂದು ಕಾಣುತ್ತದೆ, ಮೊದಲ ರಿಂಗಿಗೇ ಎತ್ತಿಕೊಂಡ.

“ಉಳ್ಕೊಂಡ್ವಿ ಕಣ್ರೀ,” ಎಂದಳು.

ಆ ಕಡೆಯಿಂದ ಜೋರಾಗಿ ಮೂಗು ಸೀಟಿಕೊಂಡ ಸದ್ದು ಬಂತು. ಬೆಳಿಗ್ಗೆಯಿಂದ ನೆಗಡಿ ಎಂದ. ಬೆಳಿಗ್ಗೆ ಅವನಿಗೆ ನೆಗಡಿ ಇರಲಿಲ್ಲ. ಹೌದಾ, ಬಿಸಿನೀರು ಕಾಯಿಸಿ ಕೊಡ್ತೀನಿ, ಬೇಗ ಬನ್ನಿ ಎಂದು ಆಕೆ ಫೋನಿಟ್ಟಳು.