ಮುಚ್ಚಳಕ್ಕೆ ಕಟ್ಟಿದ ಬಟ್ಟೆ

ಅಣ್ಣ ತೀರಿಹೋದ ಮೇಲೆ ಮೂರು ತಿಂಗಳು ಮೂಲೆ ಹಿಡಿದಿದ್ದ ಅವನ ಹಳೇ ವ್ಯಾನನ್ನು ಅತ್ತಿಗೆ ಓಡಿಸಲು ಶುರುಮಾಡಿದ್ದರು. ಶಾಲೆಯ ಮಕ್ಕಳನ್ನು ಬಿಡುವ ಕೆಲಸ. ಮನೆ ನಡೆಯಬೇಕಾದದ್ದು ಅದರಿಂದಲೇ. ಶನಿವಾರ ಮಧ್ಯಾಹ್ನ ವ್ಯಾನನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿದರು.

"ಎರಡು ಮೈಲಿಗೇ ಕಾದು ಕೆಂಡ ಆಗತ್ತೆ ನೋಡಪ್ಪಾ. ಸೋಮವಾರ ಓಡ್ಲಿಲ್ಲ ಅಂದ್ರೆ ಶಾಲೆಯವರು ಬೇರೆ ವ್ಯಾನ್ ನೋಡ್ಕೋತಾರಂತೆ."

ಮೀಟರಿನ ಮುಳ್ಳು ಕೆಂಪು ದಾಟಿತ್ತು. ರೇಡಿಯೇಟರಿನ ಕೆಳಭಾಗ ಮುಟ್ಟಿದೆ, ತಣ್ಣಗಿತ್ತು. ಮುಳ್ಳೇ ಕೆಟ್ಟಿದೆ ಅಂದುಕೊಂಡೆ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಕೈ ಸವೆಸಿದವನಿಗೆ ಎಲ್ಲ ಗೊತ್ತು ಎಂಬ ಕೊಬ್ಬು, ಬೇರೇನಲ್ಲ.

ನೀರು ನೋಡಲು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದರೆ ಅದಕ್ಕೊಂದು ನೀಲಿ ಗೀಟಿನ ಬಟ್ಟೆ ಕಟ್ಟಿತ್ತು, ಎಡಗೈ ಗಂಟು. ಎಡಚನಾದ ಅಣ್ಣ ಕಾದ ಎಂಜಿನ್ನಿಗೆ ಹಾಗೆಯೇ ಕಟ್ಟುತ್ತಿದ್ದ. ಕಟ್ಟಿದವನೇ ಬಿಚ್ಚಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು. ಅದು ನಮ್ಮ ಶೆಡ್ಡಿನ ಕಟ್ಟಳೆ.

"ಅತ್ತಿಗೆ, ಇದನ್ನ ನೀವು ಕಟ್ಟಿದ್ರಾ?"

"ನಾನ್ಯಾಕೆ ಕಟ್ಲಿ? ಸೀಟಿಂದ ಇಳಿದೇ ಇಲ್ವಲ್ಲ."

ರೇಗಿಹೋಯಿತು. ಬಿಚ್ಚಿ ತಗಡಿನ ಡಬ್ಬಕ್ಕೆ ಎಸೆದೆ, ಕೈ ಒರೆಸಿಕೊಂಡು ತಿರುಗಿದೆ. ಬಟ್ಟೆ ಮತ್ತೆ ಮುಚ್ಚಳದ ಮೇಲಿತ್ತು. ಅದೇ ಗಂಟು, ಇನ್ನೂ ಬಿಗಿಯಾಗಿ.

ಹೆದರಿ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಆಗಲೇ ಮುಚ್ಚಳ ಸಿಡಿದು, ಕುದಿನೀರು ಚಾವಣಿಗೆ ಹೊಡೆಯಿತು. ನಾನು ಬಗ್ಗಿದ್ದಿದ್ದರೆ ಕಣ್ಣೆರಡೂ ಹೋಗುತ್ತಿದ್ದವು.

ಎಂಜಿನ್ ಆರಿದ ಮೇಲೆ ಕೆಳಗಿನ ರಬ್ಬರ್ ಪೈಪು ಕಳಚಿದೆ. ಒಳಗೆ ಬಟ್ಟೆಯ ಉಂಡೆ. ಅದೇ ನೀರು ಹರಿಯದಂತೆ ತಡೆದಿತ್ತು, ಕೆಳಭಾಗ ತಣ್ಣಗಿದ್ದದ್ದು ಅದಕ್ಕೇ. ಅಣ್ಣ ಸತ್ತ ದಿನ ಈ ಪೈಪು ಹಾಕುತ್ತಿದ್ದವನು ನಾನೇ. ದೂಳು ಹೋಗದಿರಲೆಂದು ಬಟ್ಟೆ ತುರುಕಿದ್ದೆ, ಅಷ್ಟರಲ್ಲಿ ಅಣ್ಣ ಹೋದನೆಂದು ಫೋನು ಬಂತು. ವಾರದ ಮೇಲೆ ಬಂದು, ಒಳಗೆ ನೋಡದೆ ಜೋಡಿಸಿಬಿಟ್ಟಿದ್ದೆ.

"ತಪ್ಪು ನಂದೇ ಅತ್ತಿಗೆ," ಎಂದೆ.

ಅವರ ಕಣ್ಣು ಪೈಪಿನ ಮೇಲಲ್ಲ, ಮುಚ್ಚಳದ ಬಟ್ಟೆಯ ಮೇಲಿತ್ತು. ಅಣ್ಣ ತನ್ನ ಹಳೇ ಅಂಗಿ ಹರಿದು ಅರ್ಧ ನನಗೆ ಕೊಟ್ಟಿದ್ದ, ಅರ್ಧ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಉಂಡೆಯಾಗಿದ್ದ ನನ್ನ ಅರ್ಧ ಬಿಡಿಸಿ, ಸಿಡಿದ ಮುಚ್ಚಳದ ಬಟ್ಟೆಗೆ ಜೋಡಿಸಿ ಹಿಡಿದೆ. ಹರಿದ ಅಂಚು ಎಳೆಗೆ ಎಳೆ ಕೂಡಿತು.

"ಚಿತೆಗೆ ಒಯ್ಯೋವಾಗ ಆ ತುಂಡನ್ನ ಅವರ ಜೇಬಲ್ಲಿ ನಾನೇ ಇಟ್ಟು ಕಳಿಸಿದ್ದೆ," ಎಂದರು ಅತ್ತಿಗೆ. "ಸುಟ್ಟುಹೋಗಿರ್ಬೇಕಲ್ಲ ಅದು."

ಪೈಪು ಜೋಡಿಸಿ, ನೀರು ತುಂಬಿಸಿ ಹೊಸ ಮುಚ್ಚಳ ಹಾಕಿದೆ. ಕಟ್ಟಿದವನು ಗಂಟು ಇನ್ನೂ ಬಿಚ್ಚಿರಲಿಲ್ಲ, ಅದಕ್ಕೆ ಎಂಜಿನ್ ಮಾತ್ರ ಶುರುಮಾಡಲಿಲ್ಲ. ಹಳೇ ಮುಚ್ಚಳವನ್ನು ಗಂಟಿನ ಸಮೇತ ಸೀಟಿನ ಮೇಲಿಟ್ಟು ವ್ಯಾನಿಗೆ ಬೀಗ ಹಾಕಿದೆ.

ಸೋಮವಾರ ಬೆಳಿಗ್ಗೆ ಬೀಗ ತೆಗೆದು ನೋಡಿದರೆ ಗಂಟು ಬಿಚ್ಚಿ, ಸೀಟಿನ ಮೇಲೆ ಬರೀ ಮುಚ್ಚಳವಿತ್ತು. ಬಟ್ಟೆ ಎಲ್ಲೂ ಇರಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಂಡು ಕೀ ತಿರುಗಿಸಿದರು.