ಬದಲಾಯಿಸಿದ ಕಾರ್ಡುಗಳು

೧೯೬೬ರ ಫೆಬ್ರವರಿಯಲ್ಲಿ ಪ್ರೊಫೆಸರ್ ವಿಷ್ಣುತೀರ್ಥರ ಹೆಸರಿಗೆ ಇಂಗ್ಲೆಂಡಿನಿಂದ ಒಂದು ಪತ್ರ ಬಂತು. ಅವರ ವಿದ್ಯಾರ್ಥಿನಿ ಜಯಲಕ್ಷ್ಮೀಯ ಪಿಎಚ್‌.ಡಿ. ಪ್ರಬಂಧವನ್ನು ಅಲ್ಲಿಯ ಪರೀಕ್ಷಕರು ಮೆಚ್ಚಿ ಬರೆದಿದ್ದರು. ಕೇಳಿದ್ದು ಒಂದೇ: ನಾಲ್ಕನೆಯ ಅಧ್ಯಾಯದ ಲೆಕ್ಕದಲ್ಲಿ ಎರಡು ಅಳತೆಗಳು ಅನುಮಾನಕ್ಕೆ ಎಡೆಮಾಡಿಕೊಡುತ್ತಿವೆ, ಅವನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಮಾಡಿ ಕಳುಹಿಸಿ.

"ಒಂದು ಗುರುವಾರದ ಕೆಲಸ ಸರ್," ಎಂದಳು ಜಯಲಕ್ಷ್ಮೀ.

ಗಿಂಡಿ ಎಂಬ ಬಡಾವಣೆಯ ಕಂಪ್ಯೂಟರ್ ಕೇಂದ್ರದಲ್ಲಿ ಅವಳಿಗೆ ಸಿಗುತ್ತಿದ್ದುದು ಗುರುವಾರದ ಅರ್ಧ ಗಂಟೆ. ಒಂದು ಗಿಡದ ಬೇರಿನಿಂದ ತೆಗೆದ ಹರಳಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಅವಳು ಊಹಿಸಿದ್ದಳು. ಆ ಊಹೆಗೂ ಎಕ್ಸ್‌-ರೇ ಫೋಟೋಗಳಿಗೂ ಎಷ್ಟು ವ್ಯತ್ಯಾಸ ಎಂದು ಅವಳ ಪ್ರೋಗ್ರಾಮ್ ಹೇಳುತ್ತಿತ್ತು. ಪ್ರೋಗ್ರಾಮ್ ಎಂದರೆ ನಾನೂರು ರಟ್ಟಿನ ಕಾರ್ಡುಗಳ ಕಟ್ಟು; ಸಾಲಿಗೊಂದು ಕಾರ್ಡು, ಅದರಲ್ಲಿ ಕೊರೆದ ತೂತುಗಳೇ ಅಕ್ಷರ. ಹಿಂದಿನ ವರ್ಷ ಅವಳಿಗೆ ಬಂದಿದ್ದ ವ್ಯತ್ಯಾಸ ನೂರಕ್ಕೆ ಹನ್ನೊಂದು. ಅಂಥ ಜಟಿಲ ಹರಳಿಗೆ ಅದು ಹೆಮ್ಮೆಪಡುವ ಉತ್ತರ. ಗುರುಗಳೂ ಅವಳೂ ಸೇರಿ ಅದನ್ನು ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿಯೂ ಆಗಿತ್ತು.

ಮನೆಯಿದ್ದ ಮಾಂಬಲದಲ್ಲಿ ರೈಲು ಹತ್ತಿ ಗಿಂಡಿಯಲ್ಲಿ ಇಳಿದು ಹೋದಳು. ಮೊದಲು ಹಳೆಯ ಲೆಕ್ಕವನ್ನೇ ಇದ್ದ ಹಾಗೆ ಓಡಿಸಿ ನೋಡೋಣವೆಂದು ಕಾರ್ಡಿನ ಕಟ್ಟನ್ನು ಆಪರೇಟರ್ ನಂಜುಂಡನ ಕೈಗೆ ಕೊಟ್ಟಳು. ಯಂತ್ರ ಹತ್ತೊಂಬತ್ತು ಎಂದಿತು.

"ಇನ್ನೊಂದ್ಸಲ ಹಾಕ್ರಿ."

ಮತ್ತೆ ಹತ್ತೊಂಬತ್ತು.

"ಮೆಷಿನ್ ಚೆನ್ನಾಗೇ ಇದೆ ಅಮ್ಮಾ," ಎಂದ ನಂಜುಂಡ. "ನಿಮ್ ಕಾರ್ಡಲ್ಲೇ ಏನೋ ಬದಲಾಗಿದೆ."

ಬದಲಾಗಿತ್ತು. ಬದಲಾಯಿಸಿದವಳು ಅವಳೇ. ಉತ್ತರ ಸಿಕ್ಕ ಮೇಲೆ ಅದೇ ಕಟ್ಟನ್ನು ಇನ್ನೊಂದು ಹರಳಿಗೆ ಹೊಂದಿಸಲು ವಾರಕ್ಕೆ ನಾಲ್ಕೈದು ಕಾರ್ಡು ತೆಗೆದು ಹೊಸದನ್ನು ಸೇರಿಸುತ್ತ ಬಂದಿದ್ದಳು. ತೆಗೆದವು ಯಾವುವು, ಎಂದು ತೆಗೆದೆ, ಏಕೆ ತೆಗೆದೆ, ಒಂದನ್ನೂ ಬರೆದಿಟ್ಟಿರಲಿಲ್ಲ. ಕಾರ್ಡುಗಳ ಮೇಲೆ ಕ್ರಮಸಂಖ್ಯೆ ಹಾಕಿರಲಿಲ್ಲ, ಇನ್ನೊಂದು ಪ್ರತಿ ಕೊರೆಸಿರಲಿಲ್ಲ. ತಾನೇ ಬರೆದದ್ದು ತನಗೆ ಮರೆತೀತೇ ಎಂದುಕೊಂಡಿದ್ದಳು.

ತೆಗೆದ ಕಾರ್ಡುಗಳನ್ನು ಮನೆಗೆ ಒಯ್ದಿದ್ದು ಮಾತ್ರ ನೆನಪಿತ್ತು.

"ಅಮ್ಮಾ, ಆ ತೂತಿನ ಕಾರ್ಡೆಲ್ಲ ಎಲ್ಲಿ?"

"ಕಸದ ಕುಪ್ಪೆಗೆ ಹಾಕು ಅಂತ ನೀನೇ ಹೇಳಿದ್ಯಲ್ಲೇ!" ಎಂದರು ತಾಯಿ ಅಂಬುಜಮ್ಮ. "ಒಳ್ಳೆ ರಟ್ಟಿನ ಅಟ್ಟೆ, ಹಾಕಕ್ ಮನಸ್ಸು ಬರ್ಲಿಲ್ಲ. ಹಿಂದ್ಗಡೆ ದೇವರನಾಮ ಬರ್ದು ಭಜನೆಯವ್ರಿಗೆ ಕೊಟ್ಬಿಟ್ಟೆ. ಏನಾಯ್ತು, ಅದು ಮುಖ್ಯವಾ?"

ಆ ಭಾನುವಾರ ತಾಯಿ ಮಗಳು ಪಶ್ಚಿಮ ಮಾಂಬಲದ ಒಂಬತ್ತು ಮನೆಗಳ ಬಾಗಿಲು ತಟ್ಟಿದರು. ಅಂಬುಜಮ್ಮ ಪ್ರತಿ ಮನೆಯಲ್ಲೂ "ಬೇರೆ ಬರ್ಕೊಡ್ತೀನಿ ರೀ, ಕೋಪ ಮಾಡ್ಕೋಬೇಡಿ" ಎಂದು ಬೇಡಿಕೊಂಡರು. ಒಬ್ಬರು ಪೂಜೆಯ ಪುಸ್ತಕದೊಳಗಿಂದ ಎರಡು ತೆಗೆದುಕೊಟ್ಟರು. ಇನ್ನೊಬ್ಬರ ಮನೆಯಲ್ಲಿ ಮೊಮ್ಮಗು ಅಂಚು ಅಗಿದು ಹಾಕಿತ್ತು. ಒಟ್ಟು ಸಿಕ್ಕಿದ್ದು ಹದಿನಾಲ್ಕು. ಹೋದದ್ದು ಎಷ್ಟು ಎಂಬುದೇ ಗೊತ್ತಿಲ್ಲದೆ, ಹದಿನಾಲ್ಕು ಹೆಚ್ಚೋ ಕಡಿಮೆಯೋ ಎಂದು ಜಯಲಕ್ಷ್ಮೀಗೆ ಹೇಳಲಾಗಲಿಲ್ಲ.

ಎಂಟು ಗುರುವಾರ ಆ ಕಾರ್ಡುಗಳನ್ನು ಒಂದೊಂದಾಗಿ, ಜೋಡಿಜೋಡಿಯಾಗಿ ಸೇರಿಸಿ ನೋಡಿದಳು. ಹದಿನೇಳು, ಇಪ್ಪತ್ತಮೂರು, ನಲವತ್ತು. ಒಮ್ಮೆ ವ್ಯತ್ಯಾಸ ಹದಿನಾಲ್ಕಕ್ಕೆ ಇಳಿದಾಗ ನಂಜುಂಡನೂ ಕುರ್ಚಿಯಿಂದ ಎದ್ದುಬಂದ. ಮುಂದಿನ ವಾರ ಮತ್ತೆ ಇಪ್ಪತ್ತು. ಒಂಬತ್ತನೆಯ ಗುರುವಾರ ಅವಳು ರೈಲು ಹತ್ತಲಿಲ್ಲ. ಗುರುಗಳ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ವಿಷ್ಣುತೀರ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ತಪ್ಪು ಅಂತ ಯಾರಮ್ಮಾ ಹೇಳಿದ್ದು?"

"ಸರಿ ಅಂತ್ಲೂ ಹೇಳಕ್ಕಾಗಲ್ವಲ್ಲ ಸರ್."

ಅವರು ಬೀರುವಿನತ್ತ ಕೈ ತೋರಿಸಿದರು. ಅದರಲ್ಲಿ ಅವರು ಕೈಯಿಂದಲೇ ಲೆಕ್ಕ ಮಾಡುತ್ತಿದ್ದ ಕಾಲದ ದಪ್ಪ ನೋಟ್‌ಬುಕ್ಕುಗಳಿದ್ದವು. "ಅದ್ರಲ್ಲಿ ಪುಟಪುಟಕ್ಕೂ ತಾರೀಖಿದೆ. ಹೊಡೆದು ಹಾಕಿದ್ದೂ ಹಾಗೇ ಕಾಣತ್ತೆ. ಮೆಷಿನ್ ಬಂತು, ಇನ್ನು ಅದೆಲ್ಲ ಬೇಡ ಅಂದ್ಕೊಂಡೆ. ನಿನ್ ಕಾರ್ಡ್ ಹೇಗಿಟ್ಟಿದೀಯ ಅಂತ ಒಂದಿನಾನೂ ಕೇಳ್ಲಿಲ್ಲ ನಾನು." ಕನ್ನಡಕ ಮತ್ತೆ ಹಾಕಿಕೊಂಡರು. "ಬರೆದ್ಬಿಡು. ಮತ್ತೆ ಮಾಡಕ್ಕಾಗ್ತಿಲ್ಲ ಅಂತ. ನಾನೂ ಸೈನ್ ಹಾಕ್ತೀನಿ."

ಪತ್ರಿಕೆಗೂ ಪರೀಕ್ಷಕರಿಗೂ ಪತ್ರ ಹೋಯಿತು; ಪ್ರಕಟವಾಗಿದ್ದ ಲೇಖನವನ್ನು ಹಿಂದಕ್ಕೆ ಪಡೆದರು. ನಾಲ್ಕನೆಯ ಅಧ್ಯಾಯವನ್ನು ಕೈಬಿಡಬೇಕಾಯಿತು. ಬೇರೆ ಹರಳು ಹಿಡಿದು ಮತ್ತೆ ಮೊದಲಿನಿಂದ ಆರಂಭಿಸಿದಳು. ಈ ಸಲ ಪ್ರತಿ ಕಾರ್ಡಿಗೂ ಸಂಖ್ಯೆ ಹಾಕಿದಳು. ಬದಲಾಯಿಸಿದ್ದನ್ನೆಲ್ಲ ಅಂದಂದೇ ಪುಸ್ತಕದಲ್ಲಿ ಬರೆದಳು. ಕಟ್ಟಿನ ಇನ್ನೊಂದು ಪ್ರತಿಯನ್ನು ಗುರುಗಳ ಬೀರುವಿನಲ್ಲಿಟ್ಟಳು. ಡಿಗ್ರಿ ಬಂದದ್ದು ೧೯೬೮ರ ಕೊನೆಗೆ.

ಮರುವರ್ಷ ಲೈಬ್ರರಿಯಲ್ಲಿ ಪತ್ರಿಕೆಯ ಹೊಸ ಸಂಚಿಕೆ ತಿರುವುತ್ತಿದ್ದಾಗ ಅವಳ ಮೊದಲ ಹರಳಿನ ಚಿತ್ರ ಕಂಡಿತು. ಜಪಾನಿನ ಮೂವರು ವಿಜ್ಞಾನಿಗಳು ಅದರ ರಚನೆಯನ್ನು ಕಂಡುಹಿಡಿದಿದ್ದರು. ಪರಮಾಣುಗಳ ಸ್ಥಾನದ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅವಳು ಇಟ್ಟ ಕಡೆಯಲ್ಲೇ ಎಲ್ಲ ಪರಮಾಣುಗಳೂ ಇದ್ದವು.

ಮನೆಗೆ ಬಂದು ತಾಯಿಗೆ ಹೇಳಿದಳು.

"ಹಾಗಾದ್ರೆ ನಿಂದೇ ಸರಿ ಇತ್ತಲ್ಲೇ!" ಅಂಬುಜಮ್ಮನ ಮುಖ ಅರಳಿತು. "ಅವ್ರಿಗೊಂದು ಕಾಗದ ಬರಿ. ಮೊದ್ಲು ಕಂಡ್ಹಿಡಿದಿದ್ದು ನಾನು ಅಂತ."

"ಏನ್ ತೋರ್ಸಿ ಬರೀಲಮ್ಮಾ?"

ಜಯಲಕ್ಷ್ಮೀ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.